ರೈಲು ಹೊತ್ತ ಹಡಗು: ಜಪಾನಿನ ಸೇಕಾನ್ ಫೆರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಹೊನ್ಶು ಮತ್ತು ಹೊಕ್ಕೈಡೊ ದ್ವೀಪಗಳ ನಡುವೆ ತ್ಸುಗಾರು ಜಲಸಂಧಿ ಇದೆ. 1908ರಿಂದ 1988ರವರೆಗೆ, ಸರಿಯಾಗಿ ಎಂಬತ್ತು ವರ್ಷ, ಅಲ್ಲಿ ರೈಲ್ವೆಯೇ ಹಡಗು ಓಡಿಸಿತು. ಅದೇ ಸೇಕಾನ್ ಫೆರಿ. ಅದರಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಆ ಹಡಗುಗಳ ಹೊಟ್ಟೆಯೊಳಗೆ ರೈಲಿನ ವ್ಯಾಗನ್‌ಗಳೂ ಸಮುದ್ರ ದಾಟಿದವು. ಈ ವಿಷಯ ಎತ್ತಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಲ್ಲಿ ರೈಲ್ವೆಗೆ ಹಡಗು ಯಾಕೆ ಬೇಕಾಯಿತು?

ಟೋಕಿಯೊದ ಉಎನೊದಿಂದ ಹೊರಟ ರೈಲು ಹಳಿ 1891ರಲ್ಲಿ ಹೊನ್ಶುವಿನ ಉತ್ತರ ತುದಿಯ ಅಯೋಮೊರಿ ಮುಟ್ಟಿತು. ಅಲ್ಲಿಂದ ಮುಂದೆ ಸಮುದ್ರ. ಆಚೆ ದಡದ ಹೊಕ್ಕೈಡೊದಲ್ಲಿ ಕಲ್ಲಿದ್ದಲು, ಮರ, ಮೀನು, ಆಲೂಗಡ್ಡೆ ಎಲ್ಲವೂ ಇತ್ತು. ಅದನ್ನೆಲ್ಲ ದಕ್ಷಿಣದ ದೊಡ್ಡ ಊರುಗಳಿಗೆ ತರಬೇಕಿತ್ತು. ಮೊದಲು ಖಾಸಗಿ ಹಡಗು ಕಂಪನಿ ಜನರನ್ನು ದಾಟಿಸುತ್ತಿತ್ತು. 1908ರ ಮಾರ್ಚ್ 7ರಂದು ಸರ್ಕಾರಿ ರೈಲ್ವೆ ತನ್ನದೇ ಹಡಗು ಹಿರಾಫು ಮಾರುವನ್ನು ಇಳಿಸಿತು. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಕಟ್ಟಿಸಿ ತಂದ ಟರ್ಬೈನ್ ಹಡಗು ಅದು.

ಜಲಸಂಧಿ ತೀರಾ ಕಿರಿದಾಗಿರುವ ಕಡೆ ಅಗಲ ಸುಮಾರು 20 ಕಿ.ಮೀ. ಮಾತ್ರ. ಆದರೆ ಈಚೆಯ ಅಯೋಮೊರಿ, ಆಚೆಯ ಹಕೊದಾತೆ, ಎರಡು ಬಂದರುಗಳೂ ಕೊಲ್ಲಿಗಳ ಒಳಗೆ ಕೂತಿವೆ. ಹಾಗಾಗಿ ಹಡಗಿನ ದಾರಿ 113 ಕಿ.ಮೀ. ಆಯಿತು.

ಮೊದಲ ದಿನದಿಂದಲೇ ಹಡಗು ರೈಲು ಹೊತ್ತಿತಾ?

ಇಲ್ಲ. ಮೊದಮೊದಲು ದೊಡ್ಡ ಹಡಗು ನಿಲ್ಲುವ ಧಕ್ಕೆಯೇ ಇರಲಿಲ್ಲ. ಹಡಗು ನೀರಿನಲ್ಲಿ ದೂರ ನಿಲ್ಲುತ್ತಿತ್ತು. ಜನರನ್ನೂ ಸಾಮಾನನ್ನೂ ಸಣ್ಣ ದೋಣಿಯಲ್ಲಿ ಅಲ್ಲಿಗೆ ಒಯ್ಯಬೇಕಿತ್ತು. ಒಂದು ಮೂಟೆ ವ್ಯಾಗನ್‌ನಿಂದ ದೋಣಿಗೆ, ದೋಣಿಯಿಂದ ಹಡಗಿಗೆ, ಆಚೆ ದಡದಲ್ಲಿ ಮತ್ತೆ ದೋಣಿಗೆ, ಅಲ್ಲಿಂದ ಇನ್ನೊಂದು ವ್ಯಾಗನ್‌ಗೆ ಹೋಗಬೇಕು. ಚಳಿಗಾಲದ ಗಾಳಿಯಲ್ಲಿ ಈ ಕೆಲಸ ಮಾಡಿದ ಕೂಲಿಗಳ ಕಷ್ಟ ಏನಿರಬಹುದು, ಯೋಚಿಸಿ. ಮೀನು ಕೊಳೆಯುತ್ತಿತ್ತು, ಸಾಮಾನು ಒಡೆಯುತ್ತಿತ್ತು, ಸರಕು ದಡದಲ್ಲೇ ರಾಶಿ ಬೀಳುತ್ತಿತ್ತು.

1914ರಲ್ಲಿ ವ್ಯಾಗನ್‌ಗಳನ್ನು ಬಾರ್ಜ್ ಮೇಲೆ ಹತ್ತಿಸಿ, ಇನ್ನೊಂದು ಹಡಗಿನಿಂದ ಎಳೆಸುವ ಪ್ರಯತ್ನ ಶುರುವಾಯಿತು. ನಿಜವಾದ ರೈಲು ಹಡಗು ಬಂದದ್ದು 1924ರಲ್ಲಿ. ಅದರ ಹೆಸರು ಶೋಹೋ ಮಾರು. ಒಂದು ಸಲಕ್ಕೆ 25 ವ್ಯಾಗನ್ ಹೊರುತ್ತಿತ್ತು. 1925ರ ಆಗಸ್ಟ್ 1ರಿಂದ ವ್ಯಾಗನ್ ಸಾಗಣೆ ಅಧಿಕೃತವಾಗಿ ಆರಂಭವಾಯಿತು.

ಹಡಗು ಬಂದು ಒಂದು ವರ್ಷವಾದ ಮೇಲೆ ಯಾಕೆ ಅಂತ ಕೇಳಬಹುದು. ಒಂದು ಕಾರಣ ಕಪ್ಲಿಂಗ್, ಅಂದರೆ ಬೋಗಿಗೆ ಬೋಗಿ ಸೇರಿಸುವ ಜೋಡಣೆ. ಹೊಕ್ಕೈಡೊದ ರೈಲ್ವೆಯನ್ನು ಅಮೆರಿಕದ ಎಂಜಿನಿಯರುಗಳು ಕಟ್ಟಿದ್ದರು, ಅಲ್ಲಿ ತಾನಾಗಿಯೇ ಕಚ್ಚಿಕೊಳ್ಳುವ ಕಪ್ಲಿಂಗ್ ಇತ್ತು. ಹೊನ್ಶುವಿನಲ್ಲಿ ಇಂಗ್ಲೆಂಡಿನ ಪದ್ಧತಿಯ ಕೊಂಡಿ, ತಿರುಪು, ಬಫರ್. ಹಳಿಯ ಅಗಲ ಎರಡೂ ಕಡೆ 1,067 ಮಿ.ಮೀ. ಇದ್ದರೂ ಬೋಗಿಗೆ ಬೋಗಿ ಜೋಡಿಸಲು ಆಗುತ್ತಿರಲಿಲ್ಲ. 1925ರ ಜುಲೈನಲ್ಲಿ ಹೊನ್ಶುವಿನ ವ್ಯಾಗನ್‌ಗಳ ಕಪ್ಲಿಂಗ್ ಎಲ್ಲವನ್ನೂ ಬದಲಾಯಿಸಿದರು. ಮುಖ್ಯ ಕೆಲಸ ಜುಲೈ 17ರ ಒಂದೇ ದಿನ ನಡೆಯಿತು. ಅದಾಗಿ ಎರಡು ವಾರಕ್ಕೆ ಹೊಕ್ಕೈಡೊದ ವ್ಯಾಗನ್ ಹಡಗು ಹತ್ತಿ ನೇರ ಟೋಕಿಯೊ ಕಡೆ ಹೊರಟಿತು. ನನ್ನ ಮಟ್ಟಿಗೆ ಹಡಗು ಕಟ್ಟಿದ್ದಕ್ಕಿಂತ ಈ ಒಂದು ದಿನದ ಕೆಲಸವೇ ದೊಡ್ಡದು.

ರೈಲನ್ನು ಹಡಗಿಗೆ ಹತ್ತಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರಿಸುವುದು ನನಗೆ ಎಲ್ಲಕ್ಕಿಂತ ಇಷ್ಟ. ಹಡಗು ಹಿಮ್ಮುಖವಾಗಿ ಬಂದು ತನ್ನ ಹಿಂಬದಿಯನ್ನು ಧಕ್ಕೆಗೆ ಒತ್ತಿ ನಿಲ್ಲುತ್ತದೆ. ದಡದ ಹಳಿಗೂ ಹಡಗಿನ ಹಳಿಗೂ ನಡುವೆ ಏರಿಳಿಯುವ ಒಂದು ಉಕ್ಕಿನ ಸೇತುವೆ ಇರುತ್ತದೆ. ಅದರ ತುದಿಯನ್ನು ಇಳಿಸಿ ಹಡಗಿನ ಮೇಲೆ ಕೂರಿಸುತ್ತಾರೆ. ಸಮುದ್ರದ ಮಟ್ಟ ಏರಿಳಿಯುತ್ತದೆ, ತೂಕ ಬಿದ್ದಂತೆ ಹಡಗೂ ಕೆಳಗಿಳಿಯುತ್ತದೆ. ಸೇತುವೆ ಇದಕ್ಕೆಲ್ಲ ಹೊಂದಿಕೊಳ್ಳಬೇಕು.

ಆಮೇಲೆ ಶಂಟಿಂಗ್ ಎಂಜಿನ್ ವ್ಯಾಗನ್‌ಗಳ ಸಾಲನ್ನು ನಿಧಾನವಾಗಿ ಒಳಗೆ ತಳ್ಳುತ್ತದೆ. ಎಂಜಿನ್ ಮಾತ್ರ ಹಡಗು ಹತ್ತುವುದಿಲ್ಲ. ಅದರ ಭಾರ ಸೇತುವೆಯ ಮೇಲೆ ಬೀಳಬಾರದು. ಅದಕ್ಕೇ ಎಂಜಿನ್ನಿಗೂ ಸರಕಿನ ವ್ಯಾಗನ್‌ಗಳಿಗೂ ನಡುವೆ ಕೆಲವು ಖಾಲಿ ವ್ಯಾಗನ್ ಸೇರಿಸುತ್ತಿದ್ದರು. ಎಂಜಿನ್ ದಡದಲ್ಲೇ ನಿಂತು, ಆ ಖಾಲಿ ವ್ಯಾಗನ್‌ಗಳ ಮೂಲಕ ತಳ್ಳುವುದು, ಎಳೆಯುವುದು.

ಮುಖ್ಯ ಸಮಸ್ಯೆ ಸಮತೋಲನದ್ದು. ಹಡಗಿನೊಳಗೆ ಅಕ್ಕಪಕ್ಕ ನಾಲ್ಕು ಸಾಲು ಹಳಿ. ಒಂದು ಬದಿಯ ಸಾಲಿಗೆ ಮೊದಲು ವ್ಯಾಗನ್ ತುಂಬಿದರೆ, ತೆಪ್ಪದಲ್ಲಿ ಎಲ್ಲರೂ ಒಂದೇ ಕಡೆ ಕೂತ ಹಾಗೆ, ಹಡಗು ಆ ಕಡೆಗೆ ವಾಲುತ್ತದೆ. ಸ್ವಲ್ಪ ಜಾಸ್ತಿ ವಾಲಿದರೂ ಸೇತುವೆ ಮತ್ತು ಹಡಗಿನ ಹಳಿ ತಪ್ಪಿ ವ್ಯಾಗನ್ ಉರುಳುತ್ತದೆ. ಹಾಗಾಗಿ ಹಡಗಿನ ಎರಡೂ ಪಕ್ಕದಲ್ಲಿ ನೀರಿನ ಟ್ಯಾಂಕ್ ಇಟ್ಟಿದ್ದರು. ಈ ಬದಿಗೆ ವ್ಯಾಗನ್ ಬರುತ್ತಿದ್ದ ಹಾಗೆ ಪಂಪು ನೀರನ್ನು ಆ ಬದಿಗೆ ದೂಡುತ್ತಿತ್ತು. ಎಂಜಿನ್ ಚಾಲಕ, ಸೇತುವೆಯವನು, ಪಂಪಿನವನು, ಬಾವುಟ ತೋರಿಸುವವನು, ನಾಲ್ವರ ಕೈಯೂ ಒಟ್ಟಿಗೆ ಓಡಬೇಕು.

ಕೊನೆಗೆ ವ್ಯಾಗನ್‌ಗಳನ್ನು ಸರಪಳಿ ಹಾಕಿ ಬಿಗಿಯುತ್ತಿದ್ದರು. ಪ್ರತಿ ಸಾಲಿನ ಮುಂತುದಿಯಲ್ಲೂ ಒಂದು ಕಪ್ಲಿಂಗ್ ಹಡಗಿಗೇ ಬೆಸೆದುಕೊಂಡಿರುತ್ತಿತ್ತು. ಮೊದಲ ವ್ಯಾಗನ್ ಅದಕ್ಕೆ ಕಚ್ಚಿಕೊಳ್ಳುತ್ತಿತ್ತು. 1960ರ ದಶಕದ ಹೊಸ ಹಡಗುಗಳು 48 ವ್ಯಾಗನ್ ಹೊರುತ್ತಿದ್ದವು. ಬಂದ 48 ಇಳಿಸಿ, ಹೊರಡುವ 48 ಹತ್ತಿಸಿ, ಮತ್ತೆ ಹೊರಡಲು ಬೇಕಾದದ್ದು 55 ನಿಮಿಷ.

ಪ್ರಯಾಣಿಕರು ರೈಲಿನೊಳಗೇ ಕೂತು ದಾಟುತ್ತಿದ್ದರಾ?

ಬಹಳ ಜನ ಹೀಗೇ ತಿಳಿದಿದ್ದಾರೆ. ಯುದ್ಧ ಮುಗಿದ ಮೇಲಿನ ಕೆಲವು ವರ್ಷ ಮಾತ್ರ ಸ್ಲೀಪರ್ ಬೋಗಿಗಳನ್ನು ಹಡಗಿನಲ್ಲಿ ಒಯ್ದರು, ಅದೂ ಮುಖ್ಯವಾಗಿ ಅಮೆರಿಕದ ಸೈನ್ಯದವರಿಗಾಗಿ. 1954ರ ನಂತರ ಅದು ನಿಂತಿತು. ಉಳಿದಂತೆ ಹಡಗಿನ ಹಳಿಗಳು ಗೂಡ್ಸ್ ವ್ಯಾಗನ್, ಟಪಾಲು ಮತ್ತು ಲಗೇಜ್ ವ್ಯಾನುಗಳಿಗೆ ಮೀಸಲು.

ಜನ ಅಯೋಮೊರಿಯಲ್ಲಿ ರೈಲಿಳಿದು, ಪ್ಲಾಟ್‌ಫಾರಂ ತುದಿಯ ಮೇಲ್ಸೇತುವೆ ದಾಟಿ, ಹಡಗು ಹತ್ತುತ್ತಿದ್ದರು. ಒಳ್ಳೆ ಜಾಗ ಹಿಡಿಯಲು ಗಂಟುಮೂಟೆ ಹೊತ್ತು ಓಡುತ್ತಿದ್ದರು. ನಮ್ಮ ಜನರಲ್ ಬೋಗಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನ್ಯ ದರ್ಜೆಯಲ್ಲಿ ಕುರ್ಚಿಗಳ ಜೊತೆಗೆ ಚಾಪೆ ಹಾಸಿದ ದೊಡ್ಡ ಕೋಣೆಗಳೂ ಇದ್ದವು. ಅಲ್ಲಿ ಸುಮ್ನೆ ಕಾಲು ಚಾಚಿ ಮಲಗಬಹುದಿತ್ತು. ಹತ್ತುವ ಮುನ್ನ ಪ್ರತಿಯೊಬ್ಬರೂ ಹೆಸರು, ವಿಳಾಸ ಬರೆದ ಚೀಟಿ ಕೊಡಬೇಕು. ಹೊರಡುವಾಗ ಜಾಗಟೆ ಬಾರಿಸುತ್ತಿದ್ದರು.

ಯುದ್ಧದಲ್ಲಿ ಈ ಹಡಗುಗಳು ಏನಾದವು?

1945ರ ಜುಲೈ 14 ಮತ್ತು 15ರಂದು ಅಮೆರಿಕದ ಯುದ್ಧವಿಮಾನಗಳು ಇವುಗಳ ಮೇಲೆ ದಾಳಿ ಮಾಡಿದವು. ಹೊಕ್ಕೈಡೊದ ಕಲ್ಲಿದ್ದಲು ಕಾರ್ಖಾನೆಗಳಿಗೆ ತಲುಪಬಾರದು ಎಂಬುದು ಉದ್ದೇಶ. ಹನ್ನೆರಡು ಹಡಗುಗಳಿದ್ದವು. ಎರಡು ದಿನದಲ್ಲಿ ಕೆಲವು ಮುಳುಗಿದವು, ಕೆಲವು ಸುಟ್ಟು ದಡಕ್ಕೆ ಬಿದ್ದವು. ಸಾಗಣೆ ಪೂರ್ತಿ ನಿಂತುಹೋಯಿತು. ಸತ್ತವರು ನಾಲ್ಕು ನೂರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹಡಗಿನ ಸಿಬ್ಬಂದಿ. ಅವರು ಸೈನಿಕರಲ್ಲ, ರೈಲ್ವೆ ನೌಕರರು. ಸೇಕಾನ್ ಕಥೆ ಹೇಳುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿ 1954ಕ್ಕೆ ಹಾರಿಬಿಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

1954ರಲ್ಲಿ ಏನಾಯಿತು?

ಸೆಪ್ಟೆಂಬರ್ 26ರಂದು ತೋಯಾ ಮಾರು ಮುಳುಗಿತು. 1947ರಲ್ಲಿ ಕಟ್ಟಿದ ಹಡಗು ಅದು, ಜನರನ್ನೂ ವ್ಯಾಗನ್‌ಗಳನ್ನೂ ಹೊರುತ್ತಿತ್ತು. ಅದೇ ಆಗಸ್ಟಿನಲ್ಲಿ ಚಕ್ರವರ್ತಿ ಹೊಕ್ಕೈಡೊಗೆ ಹೋದದ್ದೂ ಇದರಲ್ಲೇ. ಇಡೀ ಸಾಲಿನ ಹೆಮ್ಮೆಯ ಹಡಗು.

ಆ ದಿನ 15ನೇ ನಂಬರಿನ ಚಂಡಮಾರುತ ಜಪಾನ್ ಸಮುದ್ರದಲ್ಲಿ ಬಹಳ ವೇಗವಾಗಿ ಉತ್ತರಕ್ಕೆ ಬರುತ್ತಿತ್ತು. ತೋಯಾ ಮಾರು ಮಧ್ಯಾಹ್ನ 2.40ಕ್ಕೆ ಹಕೊದಾತೆ ಬಿಡಬೇಕಿತ್ತು. ಅಷ್ಟರಲ್ಲಿ ಇನ್ನೊಂದು ಹಡಗು ದಾರಿಯಿಂದ ವಾಪಸ್ ಬಂತು. ಅದರಲ್ಲಿದ್ದ ಅಮೆರಿಕನ್ ಸೈನಿಕರನ್ನು ಇದಕ್ಕೆ ಹತ್ತಿಸುವುದರಲ್ಲಿ ಹೊತ್ತು ಹೋಯಿತು. ಹೊರಡೋಣ ಅನ್ನುವಾಗ ಕರೆಂಟ್ ಹೋಗಿ ಸೇತುವೆ ಮೇಲೇಳಲಿಲ್ಲ. ಕ್ಯಾಪ್ಟನ್ ಪ್ರಯಾಣ ಮುಂದೂಡಿದರು.

ಸಂಜೆ 5ರ ಹೊತ್ತಿಗೆ ಮಳೆ ನಿಂತಿತು, ಗಾಳಿ ತಗ್ಗಿತು, ಆಕಾಶ ತಿಳಿಯಾಯಿತು. ಚಂಡಮಾರುತದ ಕಣ್ಣು ದಾಟುತ್ತಿದೆ, ಇನ್ನು ಹವಾಮಾನ ಸುಧಾರಿಸುತ್ತದೆ ಅಂತ ಎಲ್ಲರಿಗೂ ಅನ್ನಿಸಿತು. ಆದರೆ ಅದು ಕಣ್ಣಾಗಿರಲಿಲ್ಲ. ಚಂಡಮಾರುತ ಹೊಕ್ಕೈಡೊದ ಪಶ್ಚಿಮಕ್ಕೆ ಬಂದು ವೇಗ ಕಳೆದುಕೊಂಡು, ಇನ್ನೂ ಬಲವಾಗಿ ಬೀಸುತ್ತಿತ್ತು. 6.39ಕ್ಕೆ ಹಡಗು ಹೊರಟಿತು. ಬಂದರಿನಿಂದ ಹೊರಬರುತ್ತಿದ್ದಂತೆ ಗಾಳಿ ಅಪ್ಪಳಿಸಿತು. 7 ಗಂಟೆ ಹೊತ್ತಿಗೇ ಕೊಲ್ಲಿಯಲ್ಲಿ ಲಂಗರು ಹಾಕಬೇಕಾಯಿತು.

ಆಮೇಲೆ ಆದದ್ದಕ್ಕೆ ಕಾರಣ ರೈಲು ಹತ್ತುವ ಬಾಗಿಲು. ನಿಜ ಹೇಳಬೇಕೆಂದರೆ ಬಾಗಿಲೇ ಇರಲಿಲ್ಲ. ವ್ಯಾಗನ್ ಒಳಗೆ ಬರಲಿ ಅಂತ ಹಿಂಬದಿಯನ್ನು ಹಾಗೇ ತೆರೆದು ಬಿಟ್ಟಿದ್ದರು. ಮೂವತ್ತು ವರ್ಷ ಎಲ್ಲ ಹಡಗುಗಳೂ ಹಾಗೇ ಓಡಿದ್ದವು. ಅಲೆ ಒಳಗೆ ನುಗ್ಗಿದರೂ ಬಂದ ದಾರಿಯಲ್ಲೇ ಹರಿದು ಹೋಗುತ್ತಿತ್ತು. ಆ ರಾತ್ರಿ ಹೋಗಲಿಲ್ಲ. ಅಲೆಯ ಉದ್ದ ಹಡಗಿನ ಉದ್ದಕ್ಕಿಂತ ತುಸು ಹೆಚ್ಚಾದಾಗ, ಹಿಂಬದಿ ತಗ್ಗಿ ನೀರು ಮೊಗೆದುಕೊಳ್ಳುತ್ತದೆ, ಆ ನೀರು ಹೊರಗೆ ಹೋಗುವ ಮೊದಲೇ ಮುಂದಿನ ಅಲೆ ಬರುತ್ತದೆ. ಆಮೇಲೆ ಮಾದರಿ ಹಡಗು ಇಟ್ಟು ನಡೆಸಿದ ಪರೀಕ್ಷೆಗಳಲ್ಲಿ ಇದು ಗೊತ್ತಾಯಿತು. ವ್ಯಾಗನ್ ಡೆಕ್ಕಿನಲ್ಲಿ ನಿಂತ ನೀರು ಸಂದುಗಳಿಂದ ಕೆಳಗಿನ ಬಾಯ್ಲರ್ ಕೋಣೆಗೆ, ಎಂಜಿನ್ ಕೋಣೆಗೆ ಇಳಿಯಿತು. ಎಂಜಿನ್ ನಿಂತಿತು. ಎಂಜಿನ್ ಇಲ್ಲದ ಹಡಗನ್ನು ಲಂಗರು ಎಷ್ಟು ಹೊತ್ತು ಹಿಡಿದೀತು?

ರಾತ್ರಿ 10.26ರ ಸುಮಾರಿಗೆ ಹಡಗಿನ ತಳ ನನಾಎ ಮರಳು ದಂಡೆಯ ಬಳಿ ನೆಲಕ್ಕೆ ತಾಗಿತು. ನೆಲ ಸಿಕ್ಕಿತಲ್ಲ, ಇನ್ನು ಬದುಕಿದೆವು ಎಂದುಕೊಂಡವರು ಇದ್ದಿರಬೇಕು. ಅಲ್ಲಿಂದ ಸ್ವಲ್ಪ ಹೊತ್ತಿಗೆ ಅದು ಮಗುಚಿತು. 1,155 ಜನ ಸತ್ತರು, ಬದುಕಿದವರು 159. ಆಲ್ಫ್ರೆಡ್ ಸ್ಟೋನ್ ಮತ್ತು ಡೀನ್ ಲೀಪರ್ ಎಂಬ ಇಬ್ಬರು ಮಿಷನರಿಗಳು ತಮ್ಮ ಲೈಫ್ ಜಾಕೆಟ್ ಬೇರೆಯವರಿಗೆ ಕೊಟ್ಟು ಪ್ರಾಣ ಬಿಟ್ಟರು ಎಂದು ಇಂದಿಗೂ ನೆನೆಯುತ್ತಾರೆ.

ಅದೇ ರಾತ್ರಿ ಅದೇ ಕೊಲ್ಲಿಯಲ್ಲಿ ವ್ಯಾಗನ್ ಹೊರುವ ಇನ್ನೂ ನಾಲ್ಕು ಹಡಗುಗಳು ಮುಳುಗಿದವು: 11ನೇ ಸೇಕಾನ್ ಮಾರು, ಕಿತಾಮಿ ಮಾರು, ಹಿದಾಕಾ ಮಾರು, ತೊಕಾಚಿ ಮಾರು. 11ನೇ ಸೇಕಾನ್ ಮಾರುವಿನ 90 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಐದು ಹಡಗು ಸೇರಿ ಸತ್ತವರು 1,430. ಅದೇ ಚಂಡಮಾರುತದ ಗಾಳಿಗೆ ಹೊಕ್ಕೈಡೊದ ಇವನಾಯ್ ಊರಿಗೆ ಬೆಂಕಿ ಹತ್ತಿ ಮೂರು ಸಾವಿರಕ್ಕೂ ಹೆಚ್ಚು ಮನೆ ಸುಟ್ಟವು.

ಹಾಗಾದರೆ ತಪ್ಪು ಕ್ಯಾಪ್ಟನ್‌ದೇ ಅಲ್ವಾ?

ವಿಚಾರಣೆ ನಡೆಸಿದವರು ಹೊರಡುವ ನಿರ್ಧಾರ ತಪ್ಪು ಎಂದೇ ಹೇಳಿದರು. ಕ್ಯಾಪ್ಟನ್ ಹಡಗಿನ ಜೊತೆಗೇ ಸತ್ತಿದ್ದರು, ಉತ್ತರ ಕೊಡಲು ಇರಲಿಲ್ಲ. ಅಂಥ ಸಂಜೆ ಬಂದರಿನಲ್ಲೇ ಉಳಿದಿದ್ದರೆ ಒಳ್ಳೆಯದಿತ್ತು, ನಿಜ. ಆದರೆ ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಉಪಗ್ರಹದ ಚಿತ್ರ ಇಲ್ಲದ ಕಾಲ. ಚಂಡಮಾರುತ ಎಲ್ಲಿದೆ ಎಂದು ಹವಾಮಾನ ಇಲಾಖೆಗೂ ಸರಿಯಾಗಿ ತಿಳಿದಿರಲಿಲ್ಲ. ಬೇರೆ ನಾಲ್ಕು ಹಡಗುಗಳ ಕ್ಯಾಪ್ಟನ್‌ಗಳು ಜನರನ್ನು ಹೊತ್ತು ಆಚೆ ದಡಕ್ಕೆ ಹೊರಟವರಲ್ಲ, ಗಾಳಿಯಿಂದ ತಪ್ಪಿಸಿಕೊಳ್ಳಲು ಕೊಲ್ಲಿಯಲ್ಲಿ ಲಂಗರು ಹಾಕಿದವರು. ಅವರ ಹಡಗುಗಳೂ ಮುಳುಗಿದವು. ಐದಕ್ಕೂ ಇದ್ದ ದೋಷ ಒಂದೇ, ತೆರೆದ ಹಿಂಬದಿ.

ಆಮೇಲೆ ಹಡಗುಗಳಲ್ಲಿ ಏನು ಬದಲಾಯಿತು?

ಹಿಂಬದಿಗೆ ನೀರು ನುಗ್ಗದ ಗಟ್ಟಿ ಬಾಗಿಲು ಬಂತು. ಕೆಳ ಅಂತಸ್ತಿನ ಚೌಕ ಕಿಟಕಿಗಳ ಜಾಗಕ್ಕೆ ಬಲವಾದ ದುಂಡು ಕಿಟಕಿ ಹಾಕಿದರು. ವ್ಯಾಗನ್ ಡೆಕ್ಕಿನಿಂದ ಕೆಳಗೆ ನೀರು ಸೋರುವ ದಾರಿಗಳನ್ನು ಮುಚ್ಚಿದರು. ಕಲ್ಲಿದ್ದಲಿನ ಬದಲು ಡೀಸೆಲ್ ಬಂತು.

1964ರಲ್ಲಿ ಹೊಸ ಪೀಳಿಗೆಯ ತ್ಸುಗಾರು ಮಾರು ಇಳಿಯಿತು, ಅದರ ಮಾದರಿಯಲ್ಲೇ ಒಟ್ಟು ಏಳು ಹಡಗು ಕಟ್ಟಿದರು. ಒಂದಲ್ಲ ಎರಡಲ್ಲ, ಎಂಟು ಡೀಸೆಲ್ ಎಂಜಿನ್. ಒಂದು ಕೆಟ್ಟರೆ ಉಳಿದವು ಹಡಗನ್ನು ನಡೆಸುತ್ತವೆ. ಮೂತಿಯನ್ನು ಪಕ್ಕಕ್ಕೆ ತಳ್ಳುವ ಪ್ರೊಪೆಲರ್ ಕೂಡ ಇತ್ತು, ಹಾಗಾಗಿ ಹಿಮ್ಮುಖವಾಗಿ ಧಕ್ಕೆಗೆ ಬರುವುದು ಸುಲಭವಾಯಿತು. ನಾಲ್ಕೂವರೆ ಗಂಟೆಯ ದಾರಿ 3 ಗಂಟೆ 50 ನಿಮಿಷಕ್ಕೆ ಇಳಿಯಿತು. ಇವುಗಳಲ್ಲಿ ಕೆಲವು ಕೊನೆಯವರೆಗೂ ಓಡಿದವು. ಎಂಜಿನಿಯರುಗಳು 1954ರ ಪಾಠವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅನ್ನುವುದಕ್ಕೆ ಈ ಏಳು ಹಡಗುಗಳೇ ಸಾಕ್ಷಿ.

ಆ ದುರಂತದಿಂದಲೇ ಸೇಕಾನ್ ಸುರಂಗ ಕಟ್ಟಿದರಂತೆ, ಹೌದಾ?

ಅರ್ಧ ಸತ್ಯ. ಸಮುದ್ರದ ಕೆಳಗೆ ಸುರಂಗ ಮಾಡುವ ಸರ್ವೆ ಶುರುವಾದದ್ದು 1946ರಲ್ಲೇ. ಕಾಗದದ ಮೇಲಿದ್ದ ಆ ಯೋಚನೆಗೆ ಜೀವ ಬಂದದ್ದು ತೋಯಾ ಮಾರು ಮುಳುಗಿದ ಮೇಲೆ. ಮರುವರ್ಷ, 1955ರ ಮೇ 11ರಂದು, ದಕ್ಷಿಣದ ಉನೊ–ತಕಾಮಾತ್ಸು ಮಾರ್ಗದ ರೈಲ್ವೆ ಹಡಗು ಶಿಉನ್ ಮಾರು ಮಂಜಿನಲ್ಲಿ ಇನ್ನೊಂದು ರೈಲ್ವೆ ಹಡಗಿಗೆ ಡಿಕ್ಕಿಯಾಗಿ ಮುಳುಗಿತು. 168 ಜನ ಹೋದರು. ಅವರಲ್ಲಿ ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಹೊರಟ ಮಕ್ಕಳು. ಸಮುದ್ರದ ಮೇಲೆ ರೈಲು ದಾಟಿಸುವುದನ್ನು ನಿಲ್ಲಿಸಿ ಅಂತ ದೇಶವೇ ಕೇಳತೊಡಗಿತು.

ಹೊಕ್ಕೈಡೊ ಕಡೆಯಿಂದ ಅಗೆತ 1964ರಲ್ಲಿ ಶುರುವಾಯಿತು. ನಾಲ್ಕು ಸಲ ದೊಡ್ಡ ಪ್ರಮಾಣದಲ್ಲಿ ನೀರು ನುಗ್ಗಿತು. 34 ಕೆಲಸಗಾರರು ಪ್ರಾಣ ಕಳೆದುಕೊಂಡರು. ಮುಖ್ಯ ಸುರಂಗದ ಎರಡು ತುದಿ ಕೂಡಿದ್ದು 1985ರ ಮಾರ್ಚ್ 10ರಂದು. ಉದ್ದ 53.85 ಕಿ.ಮೀ., ಅದರಲ್ಲಿ 23.3 ಕಿ.ಮೀ. ಸಮುದ್ರದ ಅಡಿಯಲ್ಲಿದೆ. ತೀರಾ ಕೆಳಗಿನ ಜಾಗ ಸಮುದ್ರ ಮಟ್ಟದಿಂದ 240 ಮೀಟರ್ ಆಳದಲ್ಲಿದೆ. ದಕ್ಷಿಣದ ಆ ಇನ್ನೊಂದು ಮಾರ್ಗಕ್ಕೆ ಬದಲಾಗಿ ಸೆತೊ ಮಹಾಸೇತುವೆ ಬಂತು. ಸುರಂಗ ತೆರೆದದ್ದು 1988ರ ಮಾರ್ಚ್ 13, ಸೇತುವೆ ಏಪ್ರಿಲ್ 10. ಒಂದೇ ವಸಂತದಲ್ಲಿ ಎರಡೂ ಕೆಲಸ ಮುಗಿದವು.

ಕೊನೆಯ ದಿನಗಳಲ್ಲಿ ಜನ ಹಡಗಿನಲ್ಲಿ ಹೋಗುತ್ತಿದ್ದರಾ?

1973ರಲ್ಲಿ 49 ಲಕ್ಷಕ್ಕೂ ಹೆಚ್ಚು ಜನ ದಾಟಿದರು. ಅದೇ ಶಿಖರ. ಆಮೇಲೆ ವಿಮಾನ ಅಗ್ಗವಾಯಿತು, ಸರಕು ಲಾರಿಗಳ ಪಾಲಾಯಿತು, ಸಂಖ್ಯೆ ಇಳಿಯುತ್ತಲೇ ಹೋಯಿತು. 1987ರಲ್ಲಿ ರಾಷ್ಟ್ರೀಯ ರೈಲ್ವೆ ಒಡೆದು ಹಲವು ಕಂಪನಿಗಳಾದಾಗ ಹಡಗುಗಳು ಜೆಆರ್ ಹೊಕ್ಕೈಡೊ ಕೈಗೆ ಬಂದವು. ಸುರಂಗ ತೆರೆದ ದಿನವೇ ಸಂಜೆ 5ಕ್ಕೆ ಅಯೋಮೊರಿಯಿಂದ ಹಕ್ಕೋಡಾ ಮಾರು, ಹಕೊದಾತೆಯಿಂದ ಯೋತೇಯ್ ಮಾರು ಕೊನೆಯದಾಗಿ ಹೊರಟವು. ಎಂಬತ್ತು ವರ್ಷದಲ್ಲಿ ದಾಟಿದವರು ಸುಮಾರು 16 ಕೋಟಿ, ಸರಕು ಸುಮಾರು 25 ಕೋಟಿ ಟನ್.

ಜಗತ್ತಿನಲ್ಲಿ ಇಂಥ ಹಡಗು ಮೊದಲು ಎಲ್ಲಿ ಬಂತು? ಈಗಲೂ ಇದೆಯಾ?

ಈಗಿನ ಮಾದರಿಯ ಮೊದಲ ಹಡಗು ಬಂದದ್ದು ಸ್ಕಾಟ್ಲೆಂಡಿನಲ್ಲಿ. 1850ರಲ್ಲಿ ಫೋರ್ತ್ ಕೊಲ್ಲಿಯ ಗ್ರ್ಯಾಂಟನ್ ಮತ್ತು ಬರ್ಂಟೈಲೆಂಡ್ ನಡುವೆ ಲೆವಯಾಥನ್ ಎಂಬ ಹಡಗು ವ್ಯಾಗನ್ ದಾಟಿಸತೊಡಗಿತು. ಅದರ ಹಿಂದಿದ್ದ ಎಂಜಿನಿಯರ್ ಥಾಮಸ್ ಬೌಚ್. 1879ರಲ್ಲಿ ರೈಲಿನ ಸಮೇತ ಕುಸಿದ ಟೇ ಸೇತುವೆ ಕಟ್ಟಿದವರೂ ಅವರೇ. ಈಗಲೂ ಇಟಲಿಯ ಮೆಸ್ಸಿನಾ ಜಲಸಂಧಿಯಲ್ಲಿ ಸಿಸಿಲಿಗೆ ಹೋಗುವ ಪ್ರಯಾಣಿಕರ ರೈಲನ್ನು ಬಿಡಿಸಿ ಹಡಗಿಗೆ ಹತ್ತಿಸುತ್ತಾರೆ, ಜನ ಒಳಗಿರುವಾಗಲೇ. ಚೀನಾದ ಹೈನಾನ್ ದ್ವೀಪಕ್ಕೂ ರೈಲು ಹಾಗೇ ಹೋಗುತ್ತದೆ.

ನಮ್ಮ ದೇಶದಲ್ಲಿ ಇತ್ತಾ?

ಇತ್ತು. ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಯ ಅಮಿನ್‌ಗಾಂವ್ ಮತ್ತು ಪಾಂಡು ಘಾಟ್‌ಗಳ ನಡುವೆ ವ್ಯಾಗನ್‌ಗಳನ್ನು ಬಾರ್ಜಿನಲ್ಲಿ ದಾಟಿಸುತ್ತಿದ್ದರು, ಜನ ಸ್ಟೀಮರ್ ಹತ್ತುತ್ತಿದ್ದರು. 1962ರಲ್ಲಿ ಸರಾಯ್‌ಘಾಟ್ ಸೇತುವೆ ಕಟ್ಟಿ ಮುಗಿದ ಮೇಲೆ ಆ ಬಾರ್ಜುಗಳ ಕೆಲಸ ಮುಗಿಯಿತು. ಧನುಷ್ಕೋಡಿಯಿಂದ ಲಂಕೆಯ ತಲೈಮನ್ನಾರ್‌ಗೆ ಹೋಗುತ್ತಿದ್ದ ಹಡಗನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅಲ್ಲಿ ಜನ ರೈಲಿಳಿದು ಹಡಗು ಹತ್ತಿ, ಆಚೆ ಬೇರೆ ರೈಲು ಹಿಡಿಯುತ್ತಿದ್ದರು. ರೈಲು ಹಡಗು ಹತ್ತುತ್ತಿರಲಿಲ್ಲ.

ಕರಾವಳಿಯವರಿಗೆ ಇದರ ತಿರುಗುಮುರುಗು ಗೊತ್ತು. ಕೊಂಕಣ ರೈಲ್ವೆ 1999ರಲ್ಲಿ ರೋರೋ ಸೇವೆ ಶುರು ಮಾಡಿತು, ಸುರತ್ಕಲ್‌ನಲ್ಲಿ ಸಾಲು ಸಾಲು ಲಾರಿಗಳು ರೈಲು ಏರುತ್ತವೆ. ಹತ್ತಿಸುವುದು, ಸರಪಳಿ ಬಿಗಿಯುವುದು, ಭಾರ ಹಂಚುವುದು, ತತ್ವ ಅದೇ.

ಈಗ ಹೋದರೆ ಆ ಹಡಗುಗಳನ್ನು ನೋಡಬಹುದಾ?

ಎರಡು ಉಳಿದಿವೆ. ಅಯೋಮೊರಿ ಸ್ಟೇಷನ್ನಿನ ಪಕ್ಕ ಹಕ್ಕೋಡಾ ಮಾರು, ಹಕೊದಾತೆಯಲ್ಲಿ ಮಶೂ ಮಾರು. ಎರಡೂ ಮ್ಯೂಸಿಯಂ ಆಗಿವೆ. ಒಂದಕ್ಕೇ ಸಮಯ ಇದ್ದರೆ ಹಕ್ಕೋಡಾ ಮಾರು ನೋಡಿ. ಅದರ ವ್ಯಾಗನ್ ಡೆಕ್ಕಿನ ಹಳಿಗಳ ಮೇಲೆ ನಿಜವಾದ ಬೋಗಿಗಳು ನಿಂತಿವೆ, ಕೆಳಗೆ ಎಂಜಿನ್ ಕೋಣೆಗೂ ಇಳಿಯಬಹುದು. ಹೊರಗೆ ದಡದಲ್ಲಿ ಏರಿಳಿಯುವ ಸೇತುವೆಯೂ ಇದೆ.

ಒಂದು ಮಾತು ಗಮನದಲ್ಲಿರಲಿ. ಅಯೋಮೊರಿ–ಹಕೊದಾತೆ ನಡುವೆ ಇಂದಿಗೂ ಫೆರಿ ಓಡುತ್ತದೆ, ಹೆಸರು ನೋಡಿ ಜನ ಮೋಸ ಹೋಗುತ್ತಾರೆ. ಅವು ಕಾರು, ಲಾರಿ ಹೊರುವ ಖಾಸಗಿ ಹಡಗುಗಳು. ರೈಲು ಮಾತ್ರ ಸುರಂಗದಲ್ಲೇ ಹೋಗುತ್ತದೆ, 2016ರ ಮಾರ್ಚ್ 26ರಿಂದ ಬುಲೆಟ್ ರೈಲು ಶಿಂಕಾನ್ಸೆನ್ ಕೂಡ. ಸುರಂಗದ ಕತ್ತಲೆಯಲ್ಲಿ ಜಲಸಂಧಿ ಕಾಣುವುದಿಲ್ಲವಾದ್ದರಿಂದ, ಸಮಯ ಇದ್ದವರು ಹೋಗುವಾಗ ಫೆರಿ, ಬರುವಾಗ ರೈಲು ಹಿಡಿಯುವುದು ಒಳ್ಳೆಯದು.